ಎಡಗೈಯ ತೋರುಬೆರಳು

ಧಾರವಾಡ ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದವನು ನಾನು. ಹೆಸರು ಸುಬ್ಹಾನ್ ನದಾಫ. ನಮ್ಮದು ಹತ್ತಿ ಹಿಂಜುವ ಮನೆತನ, ಮನೆಮಾತು ಕನ್ನಡ. ಚುನಾವಣೆ ಬಂತೆಂದರೆ ಸರ್ಕಾರಿ ಮಾಸ್ತರರಿಗೆ ಡ್ಯೂಟಿ ತಪ್ಪಿದ್ದಲ್ಲ, ಮತ್ತು ನನ್ನ ಪಾಲಿಗೆ ಬರುತ್ತಿದ್ದುದು ಯಾವಾಗಲೂ ಶಾಯಿಯ ಬಾಟಲಿ. ಹೊಲದಿಂದ ನೇರವಾಗಿ ಬಂದ ಹೆಂಗಸರು ಸೆರಗಿನಲ್ಲಿ ಕೈ ಒರೆಸಿಕೊಂಡು ಬಲಗೈ ಮುಂದೆ ಮಾಡಿದರೆ, "ಎಡಗೈ ಯವ್ವಾ, ಎಡಗೈ" ಎಂದು ನಾನು ತಿದ್ದಬೇಕು. ತೋರುಬೆರಳಿನ ಉಗುರೂ ಚರ್ಮವೂ ಕೂಡುವ ಕಡೆ ಒಂದು ಗೆರೆ. ಸಂಜೆ ಮನೆಗೆ ಬರುವಾಗ ಎಲ್ಲರಿಗಿಂತ ನನ್ನ ಕೈಯೇ ಹೆಚ್ಚು ಕಪ್ಪಾಗಿರುತ್ತಿತ್ತು.

"ಕೊಡೂದು ತಗೊಳ್ಳೂದು ಎಲ್ಲಾ ಬಲಗೈಲೆ ಮಾಡಂತೀರಿ. ಓಟಿಗೆ ಮಾತ್ರ ಎಡಗೈ ಯಾಕ?" ಎಂದು ನನ್ನ ಹೆಂಡತಿ ನಸೀಮಾ ಒಮ್ಮೆ ಕೇಳಿದ್ದಳು.

"ಬಲಗೈ ಉಣ್ಣೂ ಕೈ. ನಮಾಜಿನ್ಯಾಗ ಸಾಕ್ಷಿ ಹೇಳೂ ಬೆರಳೂ ಅದರಾಗ ಐತಿ. ಅದಕ್ಯಾಕ ಮಸಿ?" ಎಂದು ಹೇಳಿದ್ದೆ. ಅದು ಸರ್ಕಾರದ ಕಾರಣವಲ್ಲ, ನನ್ನದು. ಆದರೆ ನಸೀಮಾಳಿಗೆ ಅದು ಸರಿ ಕಂಡಿತು. ನಮ್ಮ ಮಗಳು ಸುಮೇರಾ ಮೊದಲ ಸಲ ಓಟು ಹಾಕಲು ಹೋದಾಗ ನಸೀಮಾ ಅದನ್ನೇ ಹೇಳಿ ಕಳಿಸಿದಳು.

ಆಗ ನಮ್ಮ ಮನೆಯ ಅಟ್ಟದ ಖೋಲಿಯಲ್ಲಿ ರಯ್ಯಾನ್ ಇದ್ದ. ಕೃಷಿ ವಿಶ್ವವಿದ್ಯಾಲಯದಲ್ಲಿ ಓದಲು ಹೊರದೇಶದಿಂದ ಬಂದ ಹುಡುಗ. ಬಾಡಿಗೆಗೆ ಬಂದವನು ನಮ್ಮ ಕನ್ನಡ ಕಲಿತ, ನಮ್ಮ ರೊಟ್ಟಿ ಕಲಿತ, ಕೊನೆಗೆ ಸುಮೇರಾಳನ್ನು ಮದುವೆಯಾದ. ಅಳಿಯನಾದ ಮೇಲೂ ನನ್ನನ್ನು ಮಾವ ಎನ್ನಲಿಲ್ಲ. ಮಾಸ್ತರ ಎಂದೇ ಕರೆದ. ಡ್ಯೂಟಿ ಮುಗಿಸಿ ಬಂದ ನನ್ನ ಕೈಗೆ ಸೀಗೆಪುಡಿ ಹಚ್ಚಿ ತಿಕ್ಕುತ್ತ, "ಇಷ್ಟು ಮಂದಿ ಓಟು ನೀವ ಹಾಕಿ ಬಂದಂಗ ಕಾಣತೈತಿ ಮಾಸ್ತರ. ನಮ್ಮ ದೇಶಕ್ಕ ಬರ್ರಿ, ಅಲ್ಲಿ ನಿಮಗ ಭಾಳ ಕೆಲಸ ಐತಿ" ಎಂದು ನಗುತ್ತಿದ್ದ.

ಅವನ ದೇಶದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಫೋನಿನಲ್ಲಿ ಹೇಳಬಾರದೆಂದು ರೂಢಿಯಾಗಿ, ಮನೆಯಲ್ಲೂ ನಾವು 'ಆ ಊರು' ಎಂದೇ ಹೇಳುತ್ತಿದ್ದೆವು. ಅಲ್ಲಿ ಒಬ್ಬನೇ ಮನುಷ್ಯ ಬಹುಕಾಲದಿಂದ ಆಳುತ್ತಿದ್ದ. ಏಳು ವರ್ಷಕ್ಕೊಮ್ಮೆ ಚುನಾವಣೆಯೂ ನಡೆಯುತ್ತಿತ್ತು. ಚೀಟಿಯ ಮೇಲೆ ಅವನೊಬ್ಬನ ಚಿತ್ರ, ಕೆಳಗೆ ಹೌದು, ಅಲ್ಲ ಎಂಬ ಎರಡು ವೃತ್ತ.

ಮದುವೆಯಾದ ಮೇಲೆ ಸುಮೇರಾ ಆ ಊರಿನ ಪ್ರಜೆಯಾದಳು. ಅಲ್ಲಿ ಎರಡು ವರ್ಷ ಇದ್ದು, ಆಮೇಲೆ ಗಂಡ ಹೆಂಡತಿ ಮಗಳು ಲೈಬಾಳೊಂದಿಗೆ ನ್ಯೂಜಿಲೆಂಡಿಗೆ ಬಂದರು. ಹ್ಯಾಮಿಲ್ಟನ್ನಿನ ಹೈನುಗಾರಿಕೆಯ ಸಂಶೋಧನೆಯಲ್ಲಿ ರಯ್ಯಾನನಿಗೆ ಕೆಲಸ. ನಸೀಮಾ ತೀರಿಕೊಂಡು ನಲವತ್ತನೆಯ ದಿನದ ಫಾತಿಹಾ ಮುಗಿದ ಮೇಲೆ ಮಗಳು ನನ್ನನ್ನೂ ಕರೆದುಕೊಂಡು ಬಂದಳು. ಊರ ಖಬರಸ್ತಾನದಲ್ಲಿ ಹೆಂಡತಿಯನ್ನು ಬಿಟ್ಟು ಬಂದವನಿಗೆ ಇಲ್ಲಿನ ಹಸಿರು ಕಣ್ಣಿಗೆ ಹತ್ತಲಿಲ್ಲ. ಐದು ಹೊತ್ತಿನ ನಮಾಜು, ಲೈಬಾಳನ್ನು ಶಾಲೆಯಿಂದ ಕರೆತರುವುದು, ಇಷ್ಟೇ ನನ್ನ ದಿನ.

೨೦೦೪ರ ಜುಲೈಯಲ್ಲಿ, ಇಲ್ಲಿನ ಚಳಿಗಾಲದಲ್ಲಿ, ರಯ್ಯಾನನ ತಂದೆ ತೀರಿಕೊಂಡರು. ತಂದೆಯ ಮಣ್ಣಿಗೆಂದು ಹೋದ ರಯ್ಯಾನ್ ಹಿಂತಿರುಗಲಿಲ್ಲ. ವಿಮಾನ ನಿಲ್ದಾಣದಲ್ಲಿ ಅವನ ಪಾಸ್‌ಪೋರ್ಟ್ ತೆಗೆದುಕೊಂಡರು. ಅದು ಚುನಾವಣೆಯ ವರ್ಷ. ಓದಿದವನು, ಅವನ ತಂದೆಯನ್ನು ಕಂಡರೆ ಹುಟ್ಟೂರಿಗೆ ಗೌರವವಿತ್ತು. ಆದ್ದರಿಂದ ಹುಟ್ಟೂರಿನ ಮತ ಎಣಿಕೆಗೆ ಅವನೇ ಮುಖ್ಯಸ್ಥನಾಗಿ ಕುಳಿತು ಸಹಿ ಮಾಡಬೇಕೆಂದರು. "ಪೆಟ್ಟಿಗೆಯಲ್ಲಿ ಎಷ್ಟಿದೆಯೋ ಅಷ್ಟು ಬರೆಯುತ್ತೇನೆ" ಎಂದ ಇವನು. ಅಷ್ಟೇ ಅಂದದ್ದು.

ಅವನನ್ನು ಕರೆದುಕೊಂಡು ಹೋಗುವ ಮುಂಚಿನ ದಿನ ಫೋನು ಮಾಡಿದ್ದ. "ಗೆಲ್ಲಾಂವ ಅಂವನ ಅದಾನ. ಹಂಗಿದ್ದ ಮ್ಯಾಲೆ ನನ್ನ ಸಹಿ ಯಾಕ ಬೇಕ ಹೇಳ್ರಿ? ನಿಮ್ಮೂರಾಗ ಮಂದಿ ದೊರೀನ ಆರಸತಾರ. ನಮ್ಮಲ್ಲಿ ದೊರಿ ಮಂದೀನ ಆರಸತಾನ ಮಾಸ್ತರ. ಯಾರು ತನ್ನವರು, ಯಾರು ಅಲ್ಲ, ಅಂತ."

ಮರುವಾರ ಅವನ ಅಕ್ಕ ಫೋನು ಮಾಡಿ, ತಮ್ಮ ಸರ್ಕಾರಿ ಅತಿಥಿಗೃಹದಲ್ಲಿದ್ದಾನೆ, ಅವನ ಹಾಗೆಯೇ ಅಂದ ಬೇರೆಯವರೂ ಆ ಕೋಣೆಯಲ್ಲಿದ್ದಾರೆ, ಊಟ ಚೆನ್ನಾಗಿದೆ ಎಂದಳು. ಊಟ ಚೆನ್ನಾಗಿದೆ ಎಂಬುದನ್ನು ಅಳುತ್ತ ಹೇಳಿದಳು.

ಸುಮೇರಾ ಇಲ್ಲಿನ ಸಂಸದರ ಕಚೇರಿಗೆ ಹೋದಳು. ಅಲ್ಲಿನ ಹೆಣ್ಣುಮಗಳು ಚಹಾ ಕೊಟ್ಟು, ಕೈ ಹಿಡಿದುಕೊಂಡು ಎಲ್ಲ ಕೇಳಿದಳು. ಅವನು ಆ ದೇಶದ ಪ್ರಜೆ, ಆ ದೇಶದಲ್ಲೇ ಇದ್ದಾನೆ, ಪತ್ರ ಬರೆಯಬಹುದು, ಅದಕ್ಕಿಂತ ಹೆಚ್ಚೇನೂ ಆಗದು ಎಂದಳು. ಸುಳ್ಳು ಭರವಸೆ ಕೊಡಲಿಲ್ಲ, ಅದೊಂದು ಉಪಕಾರ.

ಆ ಮೇಲೆ ಕ್ಯಾನ್‌ಬೆರಾದಿಂದ ಫೋನು ಬಂತು. ಆ ಊರಿನ ರಾಯಭಾರ ಕಚೇರಿ ಇರುವುದು ಅಲ್ಲಿ. ಮಾತಾಡಿದವನು ಬಹಳ ಮರ್ಯಾದೆಯ ಮನುಷ್ಯ. ಹೊರದೇಶದಲ್ಲಿರುವವರಿಗೆ ಮತದಾನ ಒಂದು ತಿಂಗಳು ಮೊದಲೇ ನಡೆಯುತ್ತದೆ, ನಾವು ಪೆಟ್ಟಿಗೆ ತೆಗೆದುಕೊಂಡು ಆಕ್ಲೆಂಡಿಗೆ ಬರುತ್ತೇವೆ, ನೀವು ಬರುತ್ತೀರಿ ಎಂದು ಎಲ್ಲರೂ ಎದುರು ನೋಡುತ್ತಿದ್ದಾರೆ ಎಂದ. ಎಲ್ಲರೂ ಎಂದರೆ ಯಾರು ಎಂದು ಸುಮೇರಾ ಕೇಳಿದಳು. "ನಿಮ್ಮ ಯಜಮಾನರಿಗೂ ಸಂತೋಷವಾಗುತ್ತದೆ" ಎಂದ.

ಅದೇ ದಿನ ಹ್ಯಾಮಿಲ್ಟನ್ನಿನಲ್ಲಿ ಟ್ಯಾಕ್ಸಿ ಓಡಿಸುವ ರಯ್ಯಾನನ ದೇಶದವನೊಬ್ಬ ಮನೆಗೆ ಬಂದ. "ತಂಗೀ, ಹೋಗಬೇಡ. ನಾವು ಯಾರೂ ಹೋಗುತ್ತಿಲ್ಲ. ಖಾಲಿ ಪೆಟ್ಟಿಗೆ ಹೊತ್ತುಕೊಂಡು ಹೋಗಲಿ" ಎಂದ. ಅವನ ಧ್ವನಿ ಗಟ್ಟಿಯಾಗಿತ್ತು.

ಆ ವಾರ ಇಲ್ಲಿಯೂ ಓಟಿನ ಕಾಲ. ಊರಿನ ಕೌನ್ಸಿಲ್ಲಿಗೆ. ಪಕ್ಕದ ಮನೆಯ ಜಯಲಕ್ಷ್ಮಿ, ಮೈಸೂರಿನವರು, ಚಕ್ಕುಲಿ ಕೊಡಲು ಬಂದವರು ನಗುತ್ತ ಹೇಳಿದರು: "ಅಂಕಲ್, ಇಲ್ಲಿ ಓಟು ಪೋಸ್ಟಲ್ಲಿ ಬರತ್ತೆ, ಪೋಸ್ಟಲ್ಲೇ ಹೋಗತ್ತೆ. ಇಂಕೂ ಇಲ್ಲ, ಕ್ಯೂನೂ ಇಲ್ಲ. ನಮ್ಮನೆಯವರು, ಬದರಿನಾಥ್, ಆ ಕವರ್ ತೊಗೊಂಡು ಫ್ರಿಜ್ ಮೇಲಿಟ್ಟವ್ರು ಮರೆತೇಬಿಟ್ಟಿದಾರೆ. ಅದರ ಮೇಲೀಗ ಬಾಳೆಹಣ್ಣಿನ ಬುಟ್ಟಿ ಕೂತಿದೆ!"

"ಹಾಕಲಿಲ್ಲ ಅಂದ್ರ ಯಾರರ ಕೇಳತಾರೇನ್ರಿ?" ಎಂದು ಸುಮೇರಾ ಕೇಳಿದಳು.

"ಯಾರು ಕೇಳ್ತಾರೆ? ಯಾರಿಗೂ ಬೇಕಾಗಿಲ್ಲ" ಎಂದು ಜಯಲಕ್ಷ್ಮಿ ಮತ್ತೆ ನಕ್ಕರು. ಸುಮೇರಾ ನಗಲಿಲ್ಲ. ಹಾಕದೆ ಇದ್ದರೂ ನಡೆಯುವ ಓಟಿನ ಬಗ್ಗೆ ಅವಳು ಯೋಚಿಸುತ್ತ ನಿಂತದ್ದನ್ನು ನಾನು ಕಂಡೆ.

ರಾತ್ರಿಯ ನಮಾಜಿನ ನಂತರ ಅವಳು ನನ್ನ ಬಳಿ ಕುಳಿತಳು. "ಹೋಗಲೇನಪ್ಪಾ?"

"ರಯ್ಯಾನ್ ಏನಂತಿದ್ದ?"

"ಹೋಗಬ್ಯಾಡ ಅಂತಿದ್ದ. ಅದಕ್ಕ ಅವನ್ನ ಇಟ್ಟಾರ. ನಾ ಹೋದ್ರ ನನ್ನ ಫೋಟೋ ಅವಗ ತೋರಸತಾರ, ನೋಡು, ನಿನ್ನ ಹೆಂಡ್ತೀನ ಬಂದಾಳ ಅಂತ. ಹೋಗಲಿಲ್ಲ ಅಂದ್ರ, ನೋಡು, ನಿನ್ನ ಹೆಂಡ್ತಿಗೆ ನೀ ಬ್ಯಾಡಾಗೀದಿ ಅಂತಾರ."

ಬಲವಂತದಿಂದ ಆಡಿದ ಮಾತು ಲೆಕ್ಕಕ್ಕಿಲ್ಲ, ಅಲ್ಲಾಹನು ನೋಡುವುದು ಹೃದಯವನ್ನು, ಎಂದು ನಾನು ಹೇಳಿದೆ. ಅದು ನನ್ನ ಮಾತಲ್ಲ, ನಮ್ಮ ಧರ್ಮದ ಮಾತು. ಈಗಲೂ ನಾನು ಅದನ್ನು ನಂಬುತ್ತೇನೆ. ಸುಮೇರಾ ಲೈಬಾಳನ್ನು ಜಯಲಕ್ಷ್ಮಿಯವರ ಮನೆಯಲ್ಲಿ ಬಿಟ್ಟು, ಆ ಭಾನುವಾರ ನನ್ನನ್ನು ಕಾರಿನಲ್ಲಿ ಕೂಡಿಸಿಕೊಂಡು ಹೊರಟಳು.

ದಾರಿಯಲ್ಲಿ ಬಾಂಬೆ ಎಂಬ ಹೆಸರಿನ ಗುಡ್ಡ ಬರುತ್ತದೆ. ಮೊದಲ ಸಲ ಅದರ ಫಲಕ ಕಂಡಾಗ ರಯ್ಯಾನ್, "ಇಳೀರಿ ಮಾಸ್ತರ, ಹುಬ್ಬಳ್ಳಿಗೆ ಗಾಡಿ ಇಲ್ಲೇ ಸಿಗತೈತಿ" ಎಂದಿದ್ದ. ಈ ಸಲ ಸುಮೇರಾ ಫಲಕದ ಕಡೆ ನೋಡದೆ ಕಾರು ಓಡಿಸಿದಳು.

ಮತದಾನ ಒಂದು ಮೋಟೆಲ್ಲಿನ ಸಭಾಂಗಣದಲ್ಲಿ. ಗೋಡೆಯ ಮೇಲೆ ಆ ಮನುಷ್ಯನ ದೊಡ್ಡ ಚಿತ್ರ, ಮೇಜಿನ ಮೇಲೆ ಖರ್ಜೂರ, ಸಣ್ಣ ಲೋಟಗಳಲ್ಲಿ ಚಹಾ. ಮದುವೆಮನೆಯ ಹಾಗೆ ಸಿಂಗರಿಸಿದ್ದರು. ಸಾಲಿನಲ್ಲಿ ಜನ ಕಡಿಮೆಯೇನೂ ಇರಲಿಲ್ಲ. ಆದರೆ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನಮ್ಮ ಮುಂದೆ ನಾಲ್ಕಾರು ಜನರಾಚೆ ಟ್ಯಾಕ್ಸಿಯವನು ನಿಂತಿದ್ದ. ಸುಮೇರಾಳನ್ನು ಕಂಡು ತಲೆ ತಗ್ಗಿಸಿದ. ಅವಳೂ ತಗ್ಗಿಸಿದಳು. ಇನ್ನು ಮುಂದೆ ಅವನು ಇವಳಿಗೆ ಏನೂ ಹೇಳಲಾರ, ಇವಳು ಅವನಿಗೆ ಏನೂ ಹೇಳಲಾರಳು ಎಂದು ನನಗೆ ಆಗ ಅನ್ನಿಸಿತು.

ಪರದೆ ಇರಲಿಲ್ಲ. ಫೋನು ಮಾಡಿದ್ದ ಅಧಿಕಾರಿ, ಮೂವತ್ತರ ಆಸುಪಾಸಿನ ಯುವಕ, ಮೇಜಿನ ಬಳಿಯೇ ನಿಂತಿದ್ದ. ಚೀಟಿ ಕೊಟ್ಟ, ಪೆನ್ನು ಕೊಟ್ಟ, ಪೆನ್ನಿನ ಮೊನೆ ಎಲ್ಲಿಗೆ ಹೋಗುತ್ತದೆಂದು ನೋಡುತ್ತ ನಿಂತ. ಸುಮೇರಾ 'ಹೌದು' ವೃತ್ತದಲ್ಲಿ ಗುರುತು ಹಾಕಿ ಮಡಚಿ ಪೆಟ್ಟಿಗೆಗೆ ಹಾಕಿದಳು. ಶಾಯಿಯ ಬಾಟಲಿ ಹಿಡಿದ ಹೆಂಗಸು ಬೆಳಗಿನಿಂದ ಕುಳಿತು ದಣಿದಿದ್ದಳು. ತಲೆಯೆತ್ತದೆ, ಮುಂದೆ ಬಂದ ಬೆರಳನ್ನು ಹಿಡಿದು ಅದ್ದಿದಳು. ಅದೇ ವಾಸನೆ. ಎಷ್ಟೋ ವರ್ಷಗಳ ಮೇಲೆ ಮೂಗಿಗೆ ಬಂದ ಆ ವಾಸನೆಗೆ ನನಗೆ ನಮ್ಮ ಶಾಲೆಯ ಹಂಚು, ಸಾಲಿನಲ್ಲಿ ನಿಂತ ನಸೀಮಾ ಎಲ್ಲ ಒಮ್ಮೆಗೇ ಕಣ್ಣ ಮುಂದೆ ಬಂದು, ಬೇರೇನೂ ನೋಡಲಾಗಲಿಲ್ಲ.

"ಬೆರಳು ತೋರಿಸಿ ಮೇಡಂ" ಎಂದ ಕ್ಯಾಮೆರಾದವನು. ಸುಮೇರಾ ತೋರಿಸಿದಳು. ಬೆಳಕು ಫಳಕ್ಕೆಂದಿತು.

ಹ್ಯಾಮಿಲ್ಟನ್ನಿಗೆ ಮರಳಿ ಅವಳು ಪಾತ್ರೆ ತಿಕ್ಕುವ ನಾರಿನಿಂದ ಬೆರಳು ತಿಕ್ಕುತ್ತ ನಿಂತಾಗ, "ಅದು ಹೋಗೂದಿಲ್ಲ ಸುಮ್ಮೀ, ಉಗರ ಬೆಳದ ಹೋಗಬೇಕು" ಎಂದೆ. ಹಚ್ಚುವ ಕೆಲಸ ಮಾಡಿದವನಿಗೆ ಅದು ಗೊತ್ತಿತ್ತು.

ಎರಡು ವಾರ ಕಳೆದಿರಬೇಕು. ರಂಜಾನ್ ತಿಂಗಳು ಹಿಡಿದಿತ್ತು. ಒಂದು ಸಂಜೆ ಇಫ್ತಾರಿನ ಹೊತ್ತಿಗೆ ಟ್ಯಾಕ್ಸಿಯವನು ಖರ್ಜೂರದ ಡಬ್ಬಿ ಹಿಡಿದು ಬಂದ. ಬಾಗಿಲಲ್ಲೇ ನಿಂತು, ಕಣ್ಣಲ್ಲಿ ನೀರು ತುಂಬಿಕೊಂಡು, "ತಂಗೀ, ನಾವು ಗಂಡಸರು ಮಾಡಲಾರದ್ದನ್ನು ನೀನು ಮಾಡಿದೆ" ಎಂದ. ನಮಗೆ ಅರ್ಥವಾಗಲಿಲ್ಲ. ಅವನು ಜೇಬಿನಿಂದ ಆ ಊರಿನ ಪತ್ರಿಕೆಯ ಚಿತ್ರವೊಂದನ್ನು ತೆಗೆದ. ಹೊರದೇಶದಲ್ಲಿ ಮತ ಹಾಕಿದವರ ಚಿತ್ರಗಳ ನಡುವೆ ಸುಮೇರಾ. ಎಲ್ಲರೂ ಬಲಗೈಯ ತೋರುಬೆರಳನ್ನು ಎತ್ತಿದ್ದಾರೆ. ಇವಳೊಬ್ಬಳು ಎಡಗೈಯದನ್ನು.

ಆ ಊರಲ್ಲಿ ಶಾಯಿ ಬಲಗೈಗೆ. ಶೌಚದ ಕೈಯನ್ನು ಮುಂದೆ ಮಾಡಿ ದೊರೆಯ ಶಾಯಿ ಹಚ್ಚಿಸಿಕೊಂಡವಳು ಇವಳು ಎಂದು ಊರೆಲ್ಲ ಮಾತಾಗಿತ್ತು. ಹುಡುಗರು ಗೋಡೆಗಳ ಮೇಲೆ ಎಡಗೈಯ ಚಿತ್ರ ಬರೆಯುತ್ತಿದ್ದರು.

ಟ್ಯಾಕ್ಸಿಯವನು ಹೋದ ಮೇಲೆ ಸುಮೇರಾ ತನ್ನ ಎಡಗೈಯನ್ನು ತೊಡೆಯ ಮೇಲಿಟ್ಟು ಬಹಳ ಹೊತ್ತು ನೋಡಿದಳು.

"ಅಪ್ಪಾ, ನಾ ನೋಡಾಕೂ ಇಲ್ಲ. ಅಕಿ ಬಾಟ್ಲಿ ತಗದಳು, ನನ್ನ ಕೈ ತಾನ ಮುಂದ ಹೋತು."

"ನಮ್ಮ ರೂಢಿ ಅದು."

"ಅಂವಗ ಹೇಳಲಿಲ್ಲ ನಾನು. ಅಳಾಕತ್ತಿದ್ದ ಪಾಪ." ಆಮೇಲೆ, "ರಯ್ಯಾನನೂ ನೋಡಿರತಾನ" ಎಂದಳು. ಮೂರು ತಿಂಗಳಲ್ಲಿ ಮೊದಲ ಸಲ ಅವಳ ಮುಖದಲ್ಲಿ ಬೆಳಕು ಕಂಡೆ.

ಅಧಿಕಾರಿ ಮೂರನೆಯ ದಿನವೇ ಬಂದ. ಬಾಡಿಗೆ ಕಾರು, ಕೈಯಲ್ಲಿ ಸಣ್ಣ ವಿಡಿಯೋ ಕ್ಯಾಮೆರಾ. ಲೈಬಾ ಶಾಲೆಯಲ್ಲಿದ್ದಳು. ಸುಮೇರಾ ಅವನನ್ನು ಕೂಡಿಸಿದಳು. ಪ್ರಯಾಣದಲ್ಲಿದ್ದೇನೆ, ರೋಜಾ ಉಪವಾಸ ಹಿಡಿದಿಲ್ಲ ಎಂದು ಅವನು ಹೇಳಿದ ಮೇಲೆ ಚಹಾ ತಂದಿಟ್ಟಳು. ಅವನು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ. ಮಾತಿಗೆ ಮುಂಚೆ ಲೋಟವನ್ನು ತಟ್ಟೆಯಲ್ಲಿ ಎರಡು ಸುತ್ತು ತಿರುಗಿಸುತ್ತಿದ್ದ.

"ಆ ಚಿತ್ರ ಹಾಕಿದ ಪತ್ರಿಕೆಯವನು ಕೆಲಸ ಕಳೆದುಕೊಂಡ. ಶಾಯಿಯ ಬಾಟಲಿ ನನ್ನ ಮೇಜಿನ ಮೇಲಿತ್ತು. ಯಾವ ಬೆರಳೆಂದು ನಾನು ನೋಡಬೇಕಿತ್ತು. ನನಗೂ ಅಲ್ಲಿ ಮಕ್ಕಳಿದ್ದಾರೆ, ಅಂಕಲ್." ಈ ಮಾತನ್ನು ನನ್ನ ಕಡೆ ನೋಡಿ ಹೇಳಿದ. ಆಮೇಲೆ ಸುಮೇರಾಳ ಕಡೆ ತಿರುಗಿ, "ನಿಮ್ಮ ಯಜಮಾನರ ಕೋಣೆಯಲ್ಲಿರುವವರೆಲ್ಲ ಸಹಿ ಮಾಡಲು ಒಪ್ಪುವವರಿದ್ದರು. ಈ ಚಿತ್ರ ಹೇಗೋ ಅವರ ಕೈಗೆ ಹೋಗಿದೆ. ಈಗ ಊಟ ಬಿಟ್ಟಿದ್ದಾರೆ. ಒಂದು ಮಾತು ಹೇಳಿ. ಬೇಕೆಂದೇ ಮಾಡಿದಿರಾ?"

ಸುಮೇರಾ ಬಾಯಿ ತೆರೆಯುವ ಮೊದಲು ನಾನು ಮಾತಾಡಿದೆ. ಇಷ್ಟು ದೊಡ್ಡ ಅನರ್ಥಕ್ಕೆ ಇಷ್ಟು ಸಣ್ಣ ಉತ್ತರ ನನ್ನ ಬಳಿ ಇದೆಯಲ್ಲ ಎಂದು ನನಗೆ ಸಮಾಧಾನವೇ ಆಯಿತು. "ಇಲ್ಲಪ್ಪಾ, ಇಲ್ಲ! ನಮ್ಮ ದೇಶದಲ್ಲಿ ಎಡಗೈಗೇ ಹಚ್ಚುವುದು. ನಾನೇ ಎಷ್ಟು ಚುನಾವಣೆಗಳಲ್ಲಿ ಹಚ್ಚಿದ್ದೇನೆ. ಅವಮಾನವಲ್ಲ ಅದು, ಬಲಗೈಗೆ ಮಸಿಯಾಗಬಾರದು ಎಂದು" ಎಂದು, ಹೇಗೆ ಹಚ್ಚುತ್ತಿದ್ದೆ ಎಂದು ಬೆರಳು ಹಿಡಿದು ತೋರಿಸಿಯೂ ಬಿಟ್ಟೆ.

ಅವನು ಕಣ್ಣು ಮುಚ್ಚಿ ಉಸಿರು ಬಿಟ್ಟ. "ಅಲ್‌ಹಮ್ದುಲಿಲ್ಲಾಹ್. ಇದನ್ನೇ ಮೇಡಂ ಕ್ಯಾಮೆರಾದ ಮುಂದೆ ಹೇಳಿದರೆ ಸಾಕು. ಸುಳ್ಳು ಹೇಳಿ ಎಂದು ನಾನು ಕೇಳುತ್ತಿಲ್ಲ. ನಿಜವನ್ನೇ ಹೇಳಿ. ಹಬ್ಬದೊಳಗೆ ನಿಮ್ಮ ಯಜಮಾನರು ಅತಿಥಿಗೃಹದಿಂದ ಹೊರಗೆ ಬರುತ್ತಾರೆ. ಅದು ನನ್ನ ಮಾತಲ್ಲ, ಮೇಲಿನವರ ಮಾತು."

ಸುಮೇರಾ ಎದ್ದು ಅಡಿಗೆಮನೆಗೆ ಹೋದಳು. ನಾನೂ ಹಿಂದೆ ಹೋದೆ. ಅವಳು ನಲ್ಲಿ ತಿರುಗಿಸಿ ನೀರು ಬಿಟ್ಟಳು, ಮಾತು ಹೊರಗೆ ಕೇಳದಿರಲೆಂದು. ಕನ್ನಡ ಅವನಿಗೆ ತಿಳಿಯದು, ಆದರೂ ಬಿಟ್ಟಳು.

"ನೀವ್ಯಾಕ ನಡುವ ಬಾಯಿ ಹಾಕಿದ್ರಿ ಅಪ್ಪಾ?"

"ಖರೇ ಇದ್ದದ್ದ ಹೇಳಿದೆ."

"ಖರೇ ಯಾವುದು ಅಂತ ನನಗ ಗೊತ್ತಿಲ್ಲೇನು?" ಅವಳು ನಲ್ಲಿಯನ್ನು ಇನ್ನಷ್ಟು ತಿರುಗಿಸಿದಳು. "ಬೇಕಂತನ ಕೊಟ್ಟೀನಿ ಅಂದ್ರ ಏನಾಗತೈತಿ?"

"ಸುಳ್ಳಾಗತೈತಿ. ರೋಜಾ ಅದೀವಿ."

"ಏನೂ ಹೇಳದ ಸುಮ್ಮನ ಕುಂತ್ರ?"

"ಅಂವ ಬರೂದಿಲ್ಲ."

"ಆ ಖೋಲ್ಯಾಗಿನ ಮಂದಿ ನನ್ನ ಬೆರಳ ನೋಡಿ ಊಟ ಬಿಟ್ಟಾರಂತ. ಸಹಿ ಮಾಡಬ್ಯಾಡ್ರಿ ಅಂತ ನಾನ ಅಂದಂಗ ಅವರಿಗೆ. ಇದು ಬರೇ ರೂಢಿ, ನಾ ಹೌದಿಗೇ ಹಾಕೀನಿ, ನೀವೂ ಉಣ್ರಿ, ಸಹಿ ಮಾಡ್ರಿ ಅಂತ ನನ್ನ ಬಾಯಿಲೆ ಹೇಳಸಾಕತ್ತಾರ. ಅವರ ಹೆಂಡಂದಿರೂ ಎಲ್ಲೋ ಹಿಂಗ ಅಡಿಗಿಮನ್ಯಾಗ ನಿಂತಿರತಾರಲ್ಲಪ್ಪಾ."

"ನೀ ಅವರ ಹೆಂಡ್ತಿ ಅಲ್ಲ ಸುಮ್ಮೀ. ರಯ್ಯಾನ್ ಬರಬೇಕೋ ಬ್ಯಾಡೋ?"

ಆ ಪ್ರಶ್ನೆಗೆ ಒಂದೇ ಉತ್ತರವಿತ್ತು. ಅವಳು ನಲ್ಲಿ ನಿಲ್ಲಿಸಿದಳು. ತಲೆಯ ಮೇಲಿನ ದುಪಟ್ಟ ಸರಿಮಾಡಿಕೊಂಡು ಹೊರಗೆ ಹೋದಳು. ನಸೀಮಾ ಬದುಕಿದ್ದರೆ ಅವಳ ಹಿಂದೆ ಹೋಗಿ ಬೆನ್ನ ಮೇಲೆ ಕೈಯಿಡುತ್ತಿದ್ದಳು. ನಾನು ಬಾಗಿಲ ಹತ್ತಿರ ನಿಂತೆ.

ಕ್ಯಾಮೆರಾದ ಕೆಂಪು ದೀಪ ಹತ್ತಿತು. ಸುಮೇರಾ ಆ ಊರಿನ ಭಾಷೆಯಲ್ಲಿ ಹೇಳಿದಳು. ನನಗೆ ಆ ಭಾಷೆ ಬಾರದು, ಆದರೆ ಏನು ಹೇಳಿದಳೆಂದು ನನಗೆ ಗೊತ್ತು. ನಮ್ಮಲ್ಲಿ ಹೀಗೆ, ನಿಮ್ಮಲ್ಲಿ ಹಾಗೆ ಎಂದು ತಿಳಿದಿರಲಿಲ್ಲ, ಬೇರೆ ಉದ್ದೇಶವಿರಲಿಲ್ಲ. ಒಂದು ಸುಳ್ಳು ಅಕ್ಷರವೂ ಅದರಲ್ಲಿರಲಿಲ್ಲ. ಮುಗಿದ ಮೇಲೆ ಅವನು ಚೀಲದಿಂದ ಸಣ್ಣ ಬಾಟಲಿ ತೆಗೆದು ಮೇಜಿನ ಮೇಲಿಟ್ಟ. ಅಷ್ಟು ಹೊತ್ತೂ ಅದು ಅವನ ಚೀಲದಲ್ಲಿತ್ತು.

"ಈಗ ಬಲಗೈ ಮೇಡಂ. ದಯವಿಟ್ಟು."

ಅವಳು ಕೊಟ್ಟಳು. ಅವನು ಹಚ್ಚಿದ ಶಾಯಿ ಬೆರಳ ಗೆಣ್ಣಿನವರೆಗೆ ಹರಿಯಿತು. ಅಭ್ಯಾಸವಿಲ್ಲದವನು. ನಾನಾಗಿದ್ದರೆ ಒಂದು ಗೆರೆಯಲ್ಲಿ ಮುಗಿಸುತ್ತಿದ್ದೆ ಎಂಬ ಯೋಚನೆ ಬಂದು, ಅದಕ್ಕಾಗಿ ಅಲ್ಲೇ ಮನಸ್ಸಿನಲ್ಲಿ ತೌಬಾ ಹೇಳಿಕೊಂಡೆ.

ಲೈಬಾ ಶಾಲೆಯಿಂದ ಬಂದವಳು ತಾಯಿಯ ಎರಡೂ ಕೈ ನೋಡಿ, "ಅಜ್ಜಾ, ವೈ ಬೋತ್?" ಎಂದಳು. ನಾನು ಅವಳಿಗೆ ಹಾಲು ಬಿಸಿ ಮಾಡಲು ಹೋದೆ.

ಚುನಾವಣೆ ಮುಗಿಯಿತು. ಆ ಮನುಷ್ಯ ನೂರಕ್ಕೆ ತೊಂಬತ್ತೇಳರಷ್ಟು ಮತ ಪಡೆದು ಗೆದ್ದನೆಂದು ಇಲ್ಲಿನ ಪತ್ರಿಕೆಯಲ್ಲಿಯೂ ಎರಡು ಸಾಲು ಬಂತು. ಟ್ಯಾಕ್ಸಿಯವನು ಮತ್ತೆ ಬರಲಿಲ್ಲ. ಮಸೀದಿಯಲ್ಲಿ ಎದುರಾದರೆ ಸಲಾಂ ಹೇಳುತ್ತಿದ್ದ, ಕೈ ಕೊಡುತ್ತಿರಲಿಲ್ಲ.

ಈದಿನ ಮರುದಿನ ಬೆಳಿಗ್ಗೆ ಫಜರ್ ನಮಾಜು ಮುಗಿಸಿ ಚಾಪೆ ಮಡಚುತ್ತಿದ್ದಾಗ ಫೋನು ಬಂತು. ಸುಮೇರಾ ಓಡಿದಳು. "ರಯ್ಯಾನ್" ಎಂದು ಕೂಗಿದಳು. ಲೈಬಾ ಫೋನು ಕಸಿದುಕೊಂಡು ಇಂಗ್ಲಿಷಿನಲ್ಲಿ ತನ್ನ ಹಲ್ಲು ಬಿದ್ದದ್ದನ್ನು ಹೇಳಿದಳು. ಆಮೇಲೆ, ಮಾವನವರೊಂದಿಗೆ ಅವರ ಭಾಷೆಯಲ್ಲಿ ಎರಡು ಮಾತಾಡಲು ಅವನ ಕಾವಲಿನವರು ಒಪ್ಪಿಗೆ ಕೊಟ್ಟಿದ್ದಾರೆಂದು ಸುಮೇರಾ ನನ್ನನ್ನು ಕರೆದಳು.

"ಮಾಸ್ತರ, ಈದ್ ಮುಬಾರಕ್. ಆರಾಮ ಅದೀರೇನ್ರಿ?" ಅದೇ ಧಾರವಾಡದ ಕನ್ನಡ. ಸ್ವಲ್ಪ ಸೊರಗಿತ್ತು.

"ಎಲ್ಲಿ ಅದೀಪಾ?"

"ಮನ್ಯಾಗ. ನಮ್ಮಪ್ಪನ ಮನ್ಯಾಗ. ಬಿಟ್ರು. ಸುಮ್ಮಿ ವಿಡಿಯೋ ತೋರಿಸಿದ್ರು ಎಲ್ಲಾರಿಗೂ. ಮರದಿನದಿಂದ ಒಬ್ಬೊಬ್ಬರ ಊಟ ಮಾಡಿದ್ರು. ಒಬ್ಬೊಬ್ಬರ ಸಹಿ ಮಾಡಿದ್ರು. ಕಡೀಕ ನಾ ಒಬ್ಬನ ಉಳದೆ. ನಾನೂ ಮಾಡಿದೆ."

"ಅಕಿ ಖರೇನ ಹೇಳಿದ್ಳು ರಯ್ಯಾನ್. ಅದು ನಮ್ಮ ರೂಢಿ..."

"ನನಗ ಮೊದಲ ದಿನಾನ ಗೊತ್ತಿತ್ತಲ್ರಿ ಮಾಸ್ತರ." ಅವನು ನಕ್ಕ ಹಾಗಾಯಿತು. "ನಿಮ್ಮ ಮನ್ಯಾಗ ಇದ್ದವ ನಾ. ನಿಮ್ಮ ಕೈ ತಿಕ್ಕಿದವ. ಫೋಟೋ ನೋಡಿದ ಕೂಡಲೆ ನಗಿ ಬಂತು. ನೋಡು, ಹುಚ್ಚಿ, ಧಾರವಾಡದ ಕೈ ಕೊಟ್ಟಾಳ ಅಂತ. ನಾ ನಕ್ಕದ್ದು ನೋಡಿ ಉಳದವರು ಬ್ಯಾರೆ ತಿಳಕೊಂಡ್ರು. ಎದ್ದ ನಿಂತು ನನ್ನ ಅಪ್ಪಿಕೊಂಡ್ರು. ಮುದುಕೊಬ್ಬ ಇದ್ದ, ಶಾಲಿ ಮಾಸ್ತರ, ನಿಮ್ಮಂಗ. ಅಂವ ನನ್ನ ಎಡಗೈ ಹಿಡಕೊಂಡ ಮುತ್ತ ಕೊಟ್ಟ. ಇದು ಹಂಗಲ್ಲ ಅಂತ ನಾ ಹೇಳಲಿಲ್ಲ. ಹೇಳಬೇಕಿತ್ತೇನ್ರಿ?"

ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ಬರೂದು ಯಾವಾಗಪಾ?" ಎಂದೆ.

"ಕುರ್ಚಿ ಕೊಟ್ಟಾರ ಮಾಸ್ತರ. ಜಿಲ್ಲಾಕ್ಕ ಚುನಾವಣಾ ಅಧಿಕಾರಿ. ಮುಂದಿನ ಸಲ ನಾಕೂ ತಾಲೂಕಿನ ಪೆಟಿಗಿ ನನ್ನ ಮುಂದ. ಹಂತಾ ಕುರ್ಚ್ಯಾಗ ಕುಂತವರು ದೇಶ ಬಿಡೂಹಂಗಿಲ್ಲಂತ. ದೊಡ್ಡ ಮನಿ ಕೊಡತಾರಂತ. ಸುಮ್ಮಿ, ಲೈಬಾ ಇಲ್ಲಿ ಬರಬಹುದಂತ, ಟಿಕೀಟೂ ಅವರದ." ಅಷ್ಟರಲ್ಲಿ ಆ ಕಡೆ ಯಾರೋ ಕೆಮ್ಮಿದರು. ಅವನ ಧ್ವನಿ ಬದಲಾಯಿತು. ಕನ್ನಡ ನಿಂತು ಆ ಊರಿನ ಭಾಷೆ ಬಂತು. ನಾನು ಫೋನನ್ನು ಸುಮೇರಾಳಿಗೆ ಕೊಟ್ಟೆ. ಅವಳು ಹಾಂ ಎಂದಳು, ಹಾಂ ಎಂದಳು, ಮತ್ತೆ ಹಾಂ ಎಂದಳು.

ಆಮೇಲೆ ಅವನು ಹೇಳಿದ್ದನ್ನೆಲ್ಲ ನಾನು ಅವಳಿಗೆ ಕನ್ನಡದಲ್ಲಿ ಹೇಳಿದೆ. ಮುದುಕ ಮಾಸ್ತರ ಎಡಗೈಗೆ ಮುತ್ತು ಕೊಟ್ಟ ಮಾತನ್ನು ಬಿಡಲೋ ಎಂದು ಯೋಚಿಸಿ, ಬಿಡದೆ ಅದನ್ನೂ ಹೇಳಿದೆ. ಅವಳು ಅಳಲಿಲ್ಲ. ಹಬ್ಬದ ಶಾವಿಗೆ ಪಾಯಸ ಉಳಿದ ಪಾತ್ರೆಯನ್ನು ಎತ್ತಿ ಫ್ರಿಜ್ಜಿನಲ್ಲಿಟ್ಟಳು.

ಅಂದಿನಿಂದ ಕ್ಯಾನ್‌ಬೆರಾದ ಅಧಿಕಾರಿ ತಿಂಗಳಿಗೊಮ್ಮೆ ಫೋನು ಮಾಡುತ್ತಾನೆ. ಟಿಕೀಟು ಯಾವಾಗ ಕಳಿಸಲಿ ಎನ್ನುತ್ತಾನೆ. ಲೈಬಾಳ ಶಾಲೆಯ ಅವಧಿ ಮುಗಿಯಲಿ ಎನ್ನುತ್ತಾಳೆ ಸುಮೇರಾ. ಅವಧಿ ಮುಗಿದರೆ ಇನ್ನೊಂದು ಅವಧಿ ಶುರುವಾಗುತ್ತದೆ. ಹೋದರೆ ಮಗಳೂ ಆ ಕೋಣೆಯೊಳಗೆ. ಹೋಗದಿದ್ದರೆ ಗಂಡ ಅಲ್ಲಿ, ಇವಳಿಲ್ಲಿ. ಹೋಗುವುದಿಲ್ಲ ಎಂದು ಒಮ್ಮೆ ಹೇಳಿಬಿಟ್ಟರೆ ಆ ಫೋನೂ ನಿಲ್ಲುತ್ತದೆ, ರಯ್ಯಾನನ ಫೋನೂ ನಿಲ್ಲುತ್ತದೆ. ಹಾಗಾಗಿ ಅದನ್ನೂ ಹೇಳುವಂತಿಲ್ಲ.

ನಮಾಜಿನಲ್ಲಿ ಕುಳಿತು ಸಾಕ್ಷ್ಯ ನುಡಿಯುವಾಗ ಬಲಗೈಯ ತೋರುಬೆರಳನ್ನು ಎತ್ತುತ್ತೇವೆ. ಅಲ್ಲಾಹನೊಬ್ಬನೇ ಎಂಬುದಕ್ಕೆ ಆ ಬೆರಳು ಸಾಕ್ಷಿ. ಮುಂದಿನ ಚಳಿಗಾಲ ಬರುವವರೆಗೆ ಸುಮೇರಾ ಅದನ್ನು ಎತ್ತಲಿಲ್ಲ. ಮಡಚಿಕೊಂಡೇ ಸಾಕ್ಷ್ಯ ಹೇಳುತ್ತಿದ್ದಳು. ಶಾಯಿ ಬಣ್ಣ ಮಾತ್ರ, ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ವುಜೂಗೆ ಅಡ್ಡಿಯಿಲ್ಲ ಎಂದು ನಾನು ಹೇಳಿದ್ದೆ. "ಅಡ್ಡಿ ಅದಲ್ಲಪ್ಪಾ" ಎಂದಿದ್ದಳು.

ಶುಕ್ರವಾರ ಬೆಳಿಗ್ಗೆ ಉಗುರು ತೆಗೆಯುವುದು ನಮ್ಮ ಮನೆಯ ಪದ್ಧತಿ. ಉಗುರು ಬೆಳೆದಂತೆ ಶಾಯಿ ಮೇಲೆ ಮೇಲೆ ಬಂದು ಕೊನೆಗೆ ಎರಡೂ ಬೆರಳ ತುದಿಯಲ್ಲಿ ಸಣ್ಣ ಕಪ್ಪು ಅಂಚಾಗಿ ನಿಂತಿತ್ತು. ಆ ಶುಕ್ರವಾರ ಸುಮೇರಾ ಕಿಟಕಿಯ ಬಳಿ ಕುಳಿತು ಬಲಗೈಯ ಉಗುರುಗಳನ್ನು ಒಂದೊಂದಾಗಿ ತೆಗೆದಳು. ಕಪ್ಪು ಅಂಚು ಕಾಗದದ ಮೇಲೆ ಬಿತ್ತು. ಎಡಗೈಯದೂ ತೆಗೆದಳು. ಲೈಬಾ ಪಕ್ಕದಲ್ಲಿ ನಿಂತು ನೋಡುತ್ತಿದ್ದವಳು, "ಅಮ್ಮೀ, ಯೂ ಮಿಸ್ಡ್ ಒನ್" ಎಂದು ಎಡಗೈಯ ತೋರುಬೆರಳನ್ನು ಮುಟ್ಟಿ ತೋರಿಸಿದಳು.

"ಇರಲಿ ಬಿಡು" ಎಂದಳು ಸುಮೇರಾ. ಕಾಗದವನ್ನು ಮಡಚಿ ಎದ್ದಳು.